ಪಿಂಕ್ ಫ್ಲಾಯ್ಡ್‌ನ ‘ಅನಿಮಲ್ಸ್’: 4 ವರ್ಷ ಕಪಾಟಿನಲ್ಲೇ ಕೂತ ಮರುಬಿಡುಗಡೆಯ ಕತೆ ಏನು?

2018ರಲ್ಲೇ ಕೆಲಸ ಮುಗಿದಿತ್ತು. ಹಳೇ ಟೇಪ್‌ಗಳನ್ನು ಹೊರತೆಗೆದು, ಒಂದೊಂದು ವಾದ್ಯದ ಸದ್ದನ್ನೂ ಹೊಸದಾಗಿ ಜೋಡಿಸಿ, ಪಿಂಕ್ ಫ್ಲಾಯ್ಡ್ ಬ್ಯಾಂಡ್‌ನ 1977ರ ಆಲ್ಬಂ ‘ಅನಿಮಲ್ಸ್’ನ ಹೊಸ ಆವೃತ್ತಿಯನ್ನು ತಯಾರು ಮಾಡಲಾಗಿತ್ತು. ಆದ್ರೆ ಅದು ಜನರ ಕೈಗೆ ಸಿಕ್ಕಿದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವಿನ ನಾಲ್ಕು ವರ್ಷ ಅದನ್ನು ತಡೆದು ನಿಲ್ಲಿಸಿದ್ದು ತಾಂತ್ರಿಕ ತೊಂದರೆ ಅಲ್ಲ, ಹಣದ ಕೊರತೆಯೂ ಅಲ್ಲ. ಬ್ಯಾಂಡ್‌ನ ಮಾಜಿ ನಾಯಕ ರೋಜರ್ ವಾಟರ್ಸ್ ಹೇಳುವ ಪ್ರಕಾರ, ಆಲ್ಬಂ ಜೊತೆ ಅಚ್ಚಾಗಬೇಕಿದ್ದ ಒಂದು ಬರಹ. ಈ ಹಾಡುಗಳು ಹೇಗೆ ಹುಟ್ಟಿದವು, ಇದರಲ್ಲಿ ಯಾರ ಪಾಲು ಎಷ್ಟು ಅಂತ ಹೇಳುವ ಬರಹ.

ಅಂದ್ರೆ ಸದ್ದಿನ ಬಗ್ಗೆ ಎಲ್ಲರಿಗೂ ಒಪ್ಪಿಗೆ ಇತ್ತು. ಇತಿಹಾಸದ ಬಗ್ಗೆ ಇರಲಿಲ್ಲ.

ರಿಮಾಸ್ಟರ್, ರಿಮಿಕ್ಸ್, ಡೀಲಕ್ಸ್ ಎಡಿಷನ್, 50ನೇ ವರ್ಷದ ವಿಶೇಷ ಆವೃತ್ತಿ... ಹಳೇ ರಾಕ್ ಆಲ್ಬಂಗಳು ಹೀಗೆ ಮತ್ತೆ ಮತ್ತೆ ಬರುತ್ತಲೇ ಇರುತ್ತವೆ. ಇದನ್ನು ನಾವು ಸಾಮಾನ್ಯವಾಗಿ ಅಭಿಮಾನಿಗಳ ಹವ್ಯಾಸ ಅಂತಲೋ, ಕಂಪನಿಗಳ ವ್ಯಾಪಾರ ಅಂತಲೋ ಬದಿಗಿಡುತ್ತೇವೆ. ಆದರೆ ಒಂದು ಮರುಬಿಡುಗಡೆಯನ್ನು ಬಿಚ್ಚಿ ನೋಡಿದರೆ ಅದರೊಳಗೆ ದುಡಿಮೆ ಯಾರದ್ದು, ಹೆಸರು ಯಾರದ್ದು, ಆಸ್ತಿ ಯಾರದ್ದು ಎಂಬ ಮೂರು ಪ್ರಶ್ನೆ ಸಿಗುತ್ತವೆ. ಈ ಮೂರೂ ಪ್ರಶ್ನೆಗಳನ್ನು ಒಟ್ಟಿಗೆ ತೋರಿಸುವ ಒಳ್ಳೆಯ ಉದಾಹರಣೆ ‘ಅನಿಮಲ್ಸ್’. ಯಾಕಂದ್ರೆ ಆ ಆಲ್ಬಂ ಇರೋದೇ ಅಧಿಕಾರ ಮತ್ತು ಹಣದ ಏಣಿಶ್ರೇಣಿಯ ಬಗ್ಗೆ.

ಇದು ಯಾವ ಆಲ್ಬಂ?

ಪಿಂಕ್ ಫ್ಲಾಯ್ಡ್ 1960ರ ದಶಕದ ಮಧ್ಯದಲ್ಲಿ ಲಂಡನ್‌ನಲ್ಲಿ ಹುಟ್ಟಿದ ಬ್ಯಾಂಡ್. 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಅವರನ್ನು ಜಗತ್ತಿನ ಅತಿ ಶ್ರೀಮಂತ ರಾಕ್ ಬ್ಯಾಂಡ್‌ಗಳ ಸಾಲಿಗೆ ಸೇರಿಸಿತು. 1975ರಲ್ಲಿ ‘ವಿಶ್ ಯು ವರ್ ಹಿಯರ್’ ಬಂತು. ಅದಾದ ಮೇಲೆ ಬಂದಿದ್ದು ‘ಅನಿಮಲ್ಸ್’, 1977ರ ಜನವರಿಯಲ್ಲಿ.

ಆಗ ಬ್ಯಾಂಡ್‌ನಲ್ಲಿ ನಾಲ್ವರಿದ್ದರು: ಬೇಸ್ ಗಿಟಾರ್ ಮತ್ತು ಗಾಯನಕ್ಕೆ ರೋಜರ್ ವಾಟರ್ಸ್, ಗಿಟಾರ್ ಮತ್ತು ಗಾಯನಕ್ಕೆ ಡೇವಿಡ್ ಗಿಲ್ಮೋರ್, ಕೀಬೋರ್ಡ್‌ಗೆ ರಿಚರ್ಡ್ ರೈಟ್, ಡ್ರಮ್ಸ್‌ಗೆ ನಿಕ್ ಮೇಸನ್. ಉತ್ತರ ಲಂಡನ್‌ನ ಇಸ್ಲಿಂಗ್ಟನ್‌ನಲ್ಲಿ ಚರ್ಚ್‌ಗೆ ಸೇರಿದ್ದ ಹಳೇ ಕಟ್ಟಡವೊಂದನ್ನು ಕೊಂಡು ‘ಬ್ರಿಟಾನಿಯಾ ರೋ’ ಎಂಬ ಸ್ವಂತ ಸ್ಟುಡಿಯೋ ಮಾಡಿಕೊಂಡಿದ್ದರು. 1976ರಲ್ಲಿ ರೆಕಾರ್ಡಿಂಗ್ ನಡೆದಿದ್ದು ಅಲ್ಲೇ.

ಆಲ್ಬಂನಲ್ಲಿ ಇರೋದು ಬರೀ 5 ಟ್ರ್ಯಾಕ್, ಒಟ್ಟು ಸುಮಾರು 41 ನಿಮಿಷ. ಆರಂಭಕ್ಕೂ ಕೊನೆಗೂ ಒಂದೂವರೆ ನಿಮಿಷದೊಳಗಿನ ಪುಟ್ಟ ಪ್ರೇಮಗೀತೆ, ‘ಪಿಗ್ಸ್ ಆನ್ ದಿ ವಿಂಗ್’ ಭಾಗ 1 ಮತ್ತು 2. ನಡುವೆ ಮೂರು ದೈತ್ಯ ಹಾಡುಗಳು: 17 ನಿಮಿಷದ ‘ಡಾಗ್ಸ್’, ಹನ್ನೊಂದೂವರೆ ನಿಮಿಷದ ‘ಪಿಗ್ಸ್ (ತ್ರೀ ಡಿಫರೆಂಟ್ ಒನ್ಸ್)’, 10 ನಿಮಿಷ ದಾಟುವ ‘ಶೀಪ್’. ರೇಡಿಯೋಗೆ ಹೊಂದುವ ಒಂದು ಹಾಡೂ ಇಲ್ಲ. ಆದರೂ ಬ್ರಿಟನ್‌ನ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ, ಅಮೆರಿಕದಲ್ಲಿ 3ನೇ ಸ್ಥಾನಕ್ಕೆ ಏರಿತು.

ನಾಯಿ, ಹಂದಿ, ಕುರಿ: ಯಾರು ಯಾರು?

ಜಾರ್ಜ್ ಆರ್ವೆಲ್‌ನ ‘ಅನಿಮಲ್ ಫಾರ್ಮ್’ ಕಾದಂಬರಿ (1945) ಓದಿದವರಿಗೆ ಈ ಆಲ್ಬಂನ ಮೂಲ ಉಪಾಯ ತಕ್ಷಣ ಹೊಳೆಯುತ್ತದೆ. ಆರ್ವೆಲ್ ಪ್ರಾಣಿಗಳನ್ನು ಬಳಸಿದ್ದು ಸ್ಟಾಲಿನ್ ಕಾಲದ ಸೋವಿಯತ್ ರಷ್ಯಾದಲ್ಲಿ ಕ್ರಾಂತಿ ಹೇಗೆ ಕೆಟ್ಟಿತು ಅಂತ ಹೇಳೋಕೆ. ವಾಟರ್ಸ್ ಅದೇ ಪ್ರಾಣಿಗಳನ್ನು ತಿರುಗಿಸಿ ಬಂಡವಾಳಶಾಹಿ ಬ್ರಿಟನ್ ಕಡೆಗೆ ಬಿಟ್ಟರು.

ನಾಯಿಗಳು ಅಂದ್ರೆ ಸೂಟುಬೂಟಿನ ವ್ಯವಹಾರಸ್ಥರು. ಕೈಕುಲುಕುತ್ತಲೇ ಬೆನ್ನಿಗೆ ಚೂರಿ ಹಾಕುವವರು, ಏಣಿ ಹತ್ತುವುದೊಂದೇ ಬದುಕು ಅಂದುಕೊಂಡು ಕೊನೆಗೆ ಒಂಟಿಯಾಗಿ ಸಾಯುವವರು. ಹಂದಿಗಳು ಅಂದ್ರೆ ಮೇಲೆ ಕೂತು ನೀತಿಪಾಠ ಹೇಳುವವರು. ಮೂರು ಹಂದಿಗಳಲ್ಲಿ ಒಬ್ಬರ ಹೆಸರನ್ನು ಹಾಡಿನಲ್ಲೇ ಹೇಳಲಾಗಿದೆ: ಟಿವಿಯಲ್ಲಿ ಅಶ್ಲೀಲತೆ ಹೆಚ್ಚಾಯಿತು ಅಂತ ದಶಕಗಳ ಕಾಲ ಚಳವಳಿ ನಡೆಸಿದ ಮೇರಿ ವೈಟ್‌ಹೌಸ್. ಇನ್ನೊಂದು ಹಂದಿ ಆಗಿನ ವಿರೋಧ ಪಕ್ಷದ ನಾಯಕಿ ಮಾರ್ಗರೆಟ್ ಥ್ಯಾಚರ್ ಅಂತ ಕೇಳುಗರಲ್ಲಿ ಅನೇಕರು ಅರ್ಥ ಮಾಡಿಕೊಂಡಿದ್ದಾರೆ.

ಕುರಿಗಳು ಅಂದ್ರೆ ಉಳಿದ ನಾವೆಲ್ಲ. ಇಲ್ಲಿ ಆರ್ವೆಲ್‌ಗೂ ವಾಟರ್ಸ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಕಾದಂಬರಿಯ ಕುರಿಗಳು ಕೊನೇವರೆಗೂ ಹೇಳಿಕೊಟ್ಟ ಘೋಷಣೆಯನ್ನೇ ಕೂಗುತ್ತವೆ. ಹಾಡಿನ ಕುರಿಗಳು ದಂಗೆ ಏಳುತ್ತವೆ. ನಡುವೆ ಬೈಬಲ್‌ನ 23ನೇ ಕೀರ್ತನೆಯ ಅಣಕವೊಂದು ಯಂತ್ರದ ದನಿಯಲ್ಲಿ ಕೇಳಿಸುತ್ತದೆ. ದೇವರನ್ನು ಕುರುಬನಾಗಿ ಹೊಗಳುವ ಕೀರ್ತನೆ ಅದು. ಕುರುಬನಿಗೆ ಕುರಿ ಯಾಕೆ ಬೇಕು ಅನ್ನೋದನ್ನ ಅಣಕ ನೆನಪಿಸುತ್ತದೆ. ಆಮೇಲೆ ಕುರಿಗಳು ನಾಯಿಗಳ ಮೇಲೆ ಬೀಳುತ್ತವೆ. ಹಾಗಂತ ಹಾಡು ಗೆಲುವಿನ ಜಯಘೋಷದಲ್ಲಿ ಮುಗಿಯೋದಿಲ್ಲ. ದಂಗೆ ಆದ ಮೇಲೂ ಹೊಸದೊಂದು ಆಜ್ಞೆ ಕೇಳಿಸುತ್ತದೆ.

‘ಡಾಗ್ಸ್’ ಮತ್ತು ‘ಶೀಪ್’ ಎರಡೂ 1974ರಲ್ಲೇ ಬೇರೆ ಹೆಸರಲ್ಲಿ, ಬೇರೆ ಸಾಹಿತ್ಯದಲ್ಲಿ ವೇದಿಕೆ ಮೇಲೆ ಬಂದಿದ್ದವು. 1976ರಲ್ಲಿ ಅವಕ್ಕೆ ಪ್ರಾಣಿಗಳ ಚೌಕಟ್ಟು ಸಿಕ್ಕಿತು. ಆ ಚೌಕಟ್ಟು ಯಾಕೆ ಬೇಕಾಯ್ತು ಅಂತ ತಿಳಿಯೋಕೆ ಆಗಿನ ಬ್ರಿಟನ್ ನೋಡಬೇಕು.

1976ರ ಬ್ರಿಟನ್ ಹೇಗಿತ್ತು?

1975ರಲ್ಲಿ ಬ್ರಿಟನ್‌ನ ಹಣದುಬ್ಬರ ಶೇ. 24 ಮುಟ್ಟಿತ್ತು. ನಿರುದ್ಯೋಗಿಗಳ ಸಂಖ್ಯೆ 10 ಲಕ್ಷ ದಾಟಿತ್ತು. 1976ರಲ್ಲಿ ಪೌಂಡ್ ಕುಸಿದು, ಲೇಬರ್ ಸರ್ಕಾರ ಅಂತಾರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಬಾಗಿಲಿಗೆ ಹೋಗಿ 390 ಕೋಟಿ ಡಾಲರ್ ಸಾಲ ಕೇಳಿತು. ಸಾಲದ ಜೊತೆ ಷರತ್ತು ಬಂತು: ಸರ್ಕಾರಿ ಖರ್ಚು ಕಡಿತ. ಅದೇ ವರ್ಷದ ಆಗಸ್ಟ್‌ನಲ್ಲಿ ಲಂಡನ್‌ನ ನಾಟಿಂಗ್ ಹಿಲ್ ಕಾರ್ನಿವಲ್‌ನಲ್ಲಿ ಕಪ್ಪು ಯುವಕರಿಗೂ ಪೊಲೀಸರಿಗೂ ಘರ್ಷಣೆಯಾಯಿತು. ನವೆಂಬರ್‌ನಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ಬ್ಯಾಂಡ್ ತನ್ನ ಮೊದಲ ಹಾಡನ್ನು ಬಿಟ್ಟಿತು.

ಪಂಕ್ ಹುಡುಗರಿಗೆ ಪಿಂಕ್ ಫ್ಲಾಯ್ಡ್ ಅಂದ್ರೆ ಶತ್ರು. ದುಬಾರಿ ಸ್ಟುಡಿಯೋ, ಉದ್ದುದ್ದ ಗಿಟಾರ್ ವಾದನ, ಶ್ರೀಮಂತಿಕೆ. ಸೆಕ್ಸ್ ಪಿಸ್ಟಲ್ಸ್ ಗಾಯಕ ಜಾನಿ ರಾಟನ್ ತೊಡುತ್ತಿದ್ದ ಪಿಂಕ್ ಫ್ಲಾಯ್ಡ್ ಟೀಶರ್ಟ್ ಮೇಲೆ ‘ನಾನು ದ್ವೇಷಿಸುತ್ತೇನೆ’ ಅಂತ ಕೈಯಲ್ಲಿ ಬರೆದಿರುತ್ತಿತ್ತು. ತಮಾಷೆ ಏನಂದ್ರೆ, ಅದೇ ಹೊತ್ತಿಗೆ ಇಸ್ಲಿಂಗ್ಟನ್‌ನ ಸ್ಟುಡಿಯೋದಲ್ಲಿ ತಯಾರಾಗುತ್ತಿದ್ದದ್ದು ಪಂಕ್‌ನಷ್ಟೇ ಸಿಟ್ಟಿನ ಆಲ್ಬಂ. ಸಿಟ್ಟು ಒಂದೇ, ಅವಧಿ ಮಾತ್ರ 17 ನಿಮಿಷ.

ಆದರೆ ಇಲ್ಲೊಂದು ಪ್ರಾಮಾಣಿಕ ಪ್ರಶ್ನೆ ಏಳುತ್ತದೆ. ಹಾಡು ಬರೆದವರೇ ಶ್ರೀಮಂತರಾಗಿದ್ದಾಗ ಅವರು ಕುರಿಗಳಾ, ನಾಯಿಗಳಾ? ಆಲ್ಬಂ ನಂತರದ ಪ್ರವಾಸದ ಕೊನೇ ಪ್ರದರ್ಶನ 1977ರ ಜುಲೈ 6ರಂದು ಕೆನಡಾದ ಮಾಂಟ್ರಿಯಲ್ ಒಲಿಂಪಿಕ್ ಕ್ರೀಡಾಂಗಣದಲ್ಲಿ ನಡೆಯಿತು. ಅಲ್ಲಿ ಗಲಾಟೆ ಮಾಡುತ್ತಿದ್ದ ಅಭಿಮಾನಿಯೊಬ್ಬನ ಮೇಲೆ ವಾಟರ್ಸ್ ವೇದಿಕೆಯಿಂದಲೇ ಉಗಿದರು. ಆ ನಾಚಿಕೆಯಿಂದಲೇ ಮುಂದಿನ ಆಲ್ಬಂ ‘ದಿ ವಾಲ್’ (1979) ಹುಟ್ಟಿತು ಅಂತ ಅವರೇ ಹೇಳಿಕೊಂಡಿದ್ದಾರೆ.

ಹಾರಿಹೋದ ಹಂದಿ

ಆಲ್ಬಂ ಎಷ್ಟು ಪ್ರಸಿದ್ಧವೋ ಅದರ ಕವರ್ ಅಷ್ಟೇ ಪ್ರಸಿದ್ಧ. ಥೇಮ್ಸ್ ನದಿ ದಂಡೆಯ ಬ್ಯಾಟರ್ಸಿ ವಿದ್ಯುತ್ ಸ್ಥಾವರದ ನಾಲ್ಕು ಬಿಳಿ ಚಿಮಣಿಗಳು, ಅವುಗಳ ನಡುವೆ ತೇಲುವ ಗುಲಾಬಿ ಹಂದಿ.

ಆ ಹಂದಿ ನಿಜವಾದ ಬಲೂನು, ಸುಮಾರು 40 ಅಡಿ ಉದ್ದ. ಹೆಸರು ಆಲ್ಜಿ. 1976ರ ಡಿಸೆಂಬರ್ ಮೊದಲ ವಾರ ಹಿಪ್ನೋಸಿಸ್ ಎಂಬ ವಿನ್ಯಾಸ ಸಂಸ್ಥೆ ಫೋಟೋ ತೆಗೆಸಿತು. ಬಲೂನು ತಪ್ಪಿಸಿಕೊಂಡರೆ ಹೊಡೆದು ಬೀಳಿಸಲು ಮೊದಲ ದಿನ ಒಬ್ಬ ಬಂದೂಕುಧಾರಿಯನ್ನೂ ಕರೆಸಿದ್ದರು. ಎರಡನೇ ದಿನಕ್ಕೆ ಅವನಿಗೆ ಹೇಳುವುದನ್ನು ಮರೆತರು. ಹಂದಿ ಹಗ್ಗ ಕಿತ್ತುಕೊಂಡಿದ್ದು ಆ ದಿನವೇ. ಡಿಸೆಂಬರ್ 3ರಂದು ಅದು ಲಂಡನ್ ಆಕಾಶದಲ್ಲಿ ಹಾರಿ, ವಿಮಾನಗಳಿಗೆ ತೊಂದರೆ ಕೊಟ್ಟು, ಕೊನೆಗೆ ಕೆಂಟ್ ಪ್ರಾಂತ್ಯದ ರೈತರೊಬ್ಬರ ಹೊಲದಲ್ಲಿ ಬಿತ್ತು. ಕವರ್ ಮೇಲಿರೋದು ಒಂದು ದಿನದ ಆಕಾಶಕ್ಕೆ ಇನ್ನೊಂದು ದಿನದ ಹಂದಿಯನ್ನು ಅಂಟಿಸಿದ ಚಿತ್ರ.

ಕಲ್ಲಿದ್ದಲು ಉರಿಸುತ್ತಿದ್ದ ಆ ಸ್ಥಾವರದ ಅರ್ಧ ಭಾಗ ಆಗಲೇ, 1975ರಲ್ಲಿ, ಮುಚ್ಚಿತ್ತು. ಉಳಿದರ್ಧ 1983ರಲ್ಲಿ ನಿಂತಿತು. ಈ ಕಟ್ಟಡದ ಕತೆಗೆ ಮತ್ತೆ ಬರೋಣ.

ರಿಮಾಸ್ಟರ್ ಅಂದ್ರೇನು? ರಿಮಿಕ್ಸ್ ಅಂದ್ರೇನು?

ಈ ಎರಡು ಪದಗಳನ್ನು ಒಂದೇ ಅಂದುಕೊಳ್ಳುವವರು ಬಹಳ ಜನ. ಕೆಲಸ ಪೂರ್ತಿ ಬೇರೆ.

ಸ್ಟುಡಿಯೋದಲ್ಲಿ ಡ್ರಮ್ಸ್, ಬೇಸ್, ಗಿಟಾರ್, ಕೀಬೋರ್ಡ್, ದನಿ ಎಲ್ಲವೂ ಟೇಪಿನ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ದಾಖಲಾಗುತ್ತವೆ. ಇದು ಮಲ್ಟಿಟ್ರ್ಯಾಕ್. ಯಾವುದು ಜೋರು, ಯಾವುದು ಮೆಲ್ಲಗೆ, ಯಾವುದು ಎಡಕ್ಕೆ, ಯಾವುದು ಬಲಕ್ಕೆ ಅಂತ ತೀರ್ಮಾನಿಸಿ ಅವನ್ನೆಲ್ಲ ಎರಡು ಚಾನೆಲ್‌ಗೆ ಇಳಿಸೋದು ಮಿಕ್ಸಿಂಗ್. ಹಾಗೆ ಸಿದ್ಧವಾದ ಮಿಕ್ಸ್‌ಗೆ ಎಲ್‌ಪಿ, ಸಿಡಿ ಅಥವಾ ಸ್ಟ್ರೀಮಿಂಗ್‌ಗೆ ತಕ್ಕಂತೆ ಕೊನೇ ಹದ ಕೊಡೋದು ಮಾಸ್ಟರಿಂಗ್.

ಅಡುಗೆಯ ಭಾಷೆಯಲ್ಲಿ ಹೇಳೋದಾದ್ರೆ, ರಿಮಾಸ್ಟರ್ ಅಂದ್ರೆ ಆಗಲೇ ಆದ ಸಾರಿಗೆ ಉಪ್ಪು ಖಾರ ಸರಿ ಮಾಡಿ ಮತ್ತೆ ಬಿಸಿ ಮಾಡೋದು. ರಿಮಿಕ್ಸ್ ಅಂದ್ರೆ ಅದೇ ತರಕಾರಿ, ಅದೇ ಬೇಳೆ ತಗೊಂಡು ಮೊದಲಿಂದ ಸಾರು ಮಾಡೋದು. ನಮ್ಮಲ್ಲಿ ರಿಮಿಕ್ಸ್ ಅಂದ ತಕ್ಷಣ ಹಳೇ ಸಿನಿಮಾ ಹಾಡಿಗೆ ಹೊಸ ಬೀಟ್ ಸೇರಿಸಿದ ಡಿಜೆ ಆವೃತ್ತಿ ನೆನಪಾಗುತ್ತೆ. ಇಲ್ಲಿ ಅದಲ್ಲ. ಹೊಸ ವಾದ್ಯ ಸೇರಿಸೋ ಹಾಗಿಲ್ಲ. ಅಂದು ನುಡಿಸಿದ್ದನ್ನೇ ಹೊಸದಾಗಿ ತೂಗಿ ಇಡುವುದು.

‘ಅನಿಮಲ್ಸ್’ ಹಿಂದೆ ಹಲವು ಸಲ ರಿಮಾಸ್ಟರ್ ಆಗಿತ್ತು, 2011ರಲ್ಲೂ ಆಗಿತ್ತು. 2018ರದ್ದು ರಿಮಿಕ್ಸ್. ಮಾಡಿದ್ದು ‘ದಿ ವಾಲ್’ ಕಾಲದಿಂದ ಬ್ಯಾಂಡ್ ಜೊತೆ ಇರುವ ಎಂಜಿನಿಯರ್ ಜೇಮ್ಸ್ ಗಥ್ರಿ. ಸಾಮಾನ್ಯ ಸ್ಟೀರಿಯೋ ಜೊತೆಗೆ, ಸುತ್ತ ಸ್ಪೀಕರ್ ಇಟ್ಟು ಕೇಳುವ 5.1 ಆವೃತ್ತಿಯನ್ನೂ ತಯಾರಿಸಿದರು. 1977ರ ಮೂಲ ಮಿಕ್ಸ್ ಒಣಒಣ, ಸ್ವಲ್ಪ ಮಸುಕು ಎಂಬ ದೂರು ಮೊದಲಿಂದ ಇತ್ತು. ಹೊಸದರಲ್ಲಿ ಮೇಸನ್‌ರ ಡ್ರಮ್ಸ್‌ಗೆ ಮೈ ಬಂದಿದೆ, ಬೇಸ್ ಬಿಡಿಯಾಗಿ ಕೇಳುತ್ತದೆ, ಪದರಗಳು ಬೇರೆಬೇರೆಯಾಗಿ ಕಿವಿಗೆ ಸಿಗುತ್ತವೆ. ಆ ಮಸುಕೇ ಆಲ್ಬಂನ ಗುಣ, ಮಂಕು ಕವಿದ ಲಂಡನ್‌ನ ಸದ್ದೇ ಅದು ಅನ್ನುವವರೂ ಇದ್ದಾರೆ. ಎರಡೂ ಕೇಳಿ ನೋಡಿದರೆ ಎರಡು ವಾದದಲ್ಲೂ ಹುರುಳಿದೆ ಅನ್ನಿಸುತ್ತೆ.

ಎಲ್ಲ ಮರುಬಿಡುಗಡೆಗಳೂ ಹೀಗೆ ಜಾಗ್ರತೆಯಿಂದ ಆಗಿಲ್ಲ ಅನ್ನೋದೂ ಗೊತ್ತಿರಲಿ. 1990ರ ದಶಕದಿಂದ ‘ಸದ್ದಿನ ಸಮರ’ ಅಂತ ಒಂದು ಪಿಡುಗು ಶುರುವಾಯಿತು. ಪಕ್ಕದ ಸಿಡಿಗಿಂತ ನಮ್ಮದು ಜೋರಾಗಿ ಕೇಳಬೇಕು ಅಂತ, ಮೆಲ್ಲನೆಯ ಭಾಗವನ್ನೂ ಎತ್ತಿ, ಜೋರಿನ ಭಾಗವನ್ನು ಒತ್ತಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದರು. ಪಿಸುಮಾತೂ ಕೂಗೂ ಒಂದೇ ಆದರೆ ಸಂಗೀತದಲ್ಲಿ ಉಸಿರೇ ಇರೋದಿಲ್ಲ. 2008ರಲ್ಲಿ ಮೆಟಾಲಿಕಾ ಬ್ಯಾಂಡ್‌ನ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ, ಸಿಡಿಗಿಂತ ವಿಡಿಯೋ ಗೇಮ್‌ನಲ್ಲಿ ಬಂದ ಅದೇ ಹಾಡುಗಳು ಚೆನ್ನಾಗಿ ಕೇಳುತ್ತವೆ ಅಂತ ಅಭಿಮಾನಿಗಳೇ ಸಹಿ ಸಂಗ್ರಹ ಮಾಡಿದರು. ಈಗ ಸ್ಟ್ರೀಮಿಂಗ್ ಆಪ್‌ಗಳು ಹಾಡುಗಳನ್ನೆಲ್ಲ ಸರಿಸುಮಾರು ಒಂದೇ ಮಟ್ಟದಲ್ಲಿ ನುಡಿಸುವುದರಿಂದ ಆ ಪೈಪೋಟಿಗೆ ಮೊದಲಿನ ಲಾಭ ಇಲ್ಲ.

ಹಾಗಾದ್ರೆ 4 ವರ್ಷ ತಡ ಆಗಿದ್ದು ಯಾಕೆ?

ಹೊಸ ಆವೃತ್ತಿಗೆ ಸಂಗೀತ ಪತ್ರಕರ್ತ ಮಾರ್ಕ್ ಬ್ಲೇಕ್ ಒಂದು ಟಿಪ್ಪಣಿ ಬರೆದಿದ್ದರು. ಎಲ್‌ಪಿ ಅಥವಾ ಸಿಡಿ ಒಳಗೆ ಅಚ್ಚಾಗುವ ಇಂಥ ಬರಹಗಳನ್ನು ಲೈನರ್ ನೋಟ್ಸ್ ಅಂತಾರೆ. 2021ರ ಜೂನ್‌ನಲ್ಲಿ ವಾಟರ್ಸ್ ತಮ್ಮ ವೆಬ್‌ಸೈಟ್‌ನಲ್ಲಿ ಬಹಿರಂಗವಾಗಿ ಬರೆದರು: ಈ ಟಿಪ್ಪಣಿ ತೆಗೆಯದಿದ್ದರೆ ಬಿಡುಗಡೆಗೆ ಒಪ್ಪಲ್ಲ ಅಂತ ಗಿಲ್ಮೋರ್ ಪಟ್ಟು ಹಿಡಿದಿದ್ದಾರೆ, ಬರೆದದ್ದು ಸುಳ್ಳು ಅಂತ ಅವರು ಹೇಳುತ್ತಿಲ್ಲ, ಅದು ಹೊರಗೆ ಬರೋದು ಬೇಡ ಅನ್ನುತ್ತಿದ್ದಾರೆ. ಕೊನೆಗೆ ಟಿಪ್ಪಣಿ ಇಲ್ಲದೆ ಆಲ್ಬಂ ಬರಲಿ ಅಂತ ವಾಟರ್ಸ್ ಒಪ್ಪಿದರು. ಆದರೆ ಆ ಟಿಪ್ಪಣಿಯನ್ನು ತಮ್ಮ ವೆಬ್‌ಸೈಟ್‌ನಲ್ಲೇ ಹಾಕಿಬಿಟ್ಟರು.

ಇದು ಒಂದು ಕಡೆಯವರ ಹೇಳಿಕೆ ಅನ್ನೋದು ನೆನಪಿರಲಿ. ಇಬ್ಬರ ಜಗಳ ಹೊಸದೂ ಅಲ್ಲ. 1985ರಲ್ಲಿ ವಾಟರ್ಸ್ ಬ್ಯಾಂಡ್ ಬಿಟ್ಟರು. ಪಿಂಕ್ ಫ್ಲಾಯ್ಡ್ ಎಂಬ ಹೆಸರು ಯಾರದ್ದು ಅಂತ ವಕೀಲರ ಮಟ್ಟದಲ್ಲಿ ಹಗ್ಗಜಗ್ಗಾಟ ನಡೆದು, ಹೆಸರು ಗಿಲ್ಮೋರ್ ಮತ್ತು ಮೇಸನ್ ಬಳಿ ಉಳಿಯಿತು. 2005ರ ಜುಲೈನಲ್ಲಿ ಲಂಡನ್‌ನ ಲೈವ್ 8 ಕಾರ್ಯಕ್ರಮಕ್ಕೆ ನಾಲ್ವರೂ ಒಮ್ಮೆ ಒಟ್ಟಿಗೆ ನುಡಿಸಿದರು. 2008ರಲ್ಲಿ ರೈಟ್ ತೀರಿಕೊಂಡರು.

ಒಂದು ಟಿಪ್ಪಣಿಗೆ ಇಷ್ಟೊಂದು ಜಗಳ ಯಾಕೆ ಅನ್ನಿಸಬಹುದು. ಈ ಆಲ್ಬಂನ ಲೆಕ್ಕಪತ್ರ ನೋಡಿದರೆ ಅರ್ಥವಾಗುತ್ತೆ. ‘ಅನಿಮಲ್ಸ್’ನ 5 ಟ್ರ್ಯಾಕ್‌ಗಳಲ್ಲಿ 4ಕ್ಕೆ ರಚನೆಕಾರ ಅಂತ ವಾಟರ್ಸ್ ಒಬ್ಬರ ಹೆಸರೇ ಇದೆ. ಗಿಲ್ಮೋರ್ ಹೆಸರು ಇರೋದು ‘ಡಾಗ್ಸ್’ಗೆ ಮಾತ್ರ, ಅದೂ ವಾಟರ್ಸ್ ಜೊತೆ. ಆದರೆ ಆ ಒಂದು ಹಾಡೇ 17 ನಿಮಿಷ, ಅಂದ್ರೆ ಆಲ್ಬಂನ ಶೇ. 40ರಷ್ಟು. ರಚನೆಕಾರರ ರಾಯಲ್ಟಿ ಹಂಚಿಕೆಯಾಗಿದ್ದು ಹಾಡುಗಳ ಎಣಿಕೆ ಮೇಲೆ, ನಿಮಿಷಗಳ ಮೇಲೆ ಅಲ್ಲ. ಕೊನೆ ಗಳಿಗೆಯಲ್ಲಿ ಸೇರಿಕೊಂಡ ‘ಪಿಗ್ಸ್ ಆನ್ ದಿ ವಿಂಗ್’ ಎರಡು ತುಂಡಾಗಿದ್ದರಿಂದ ಅದು ಎರಡು ಹಾಡು ಅಂತ ಲೆಕ್ಕಕ್ಕೆ ಬಂತು. ಒಟ್ಟು 3 ನಿಮಿಷವೂ ಇಲ್ಲದ ಆ ಎರಡು ತುಂಡುಗಳಿಗೆ ಸಿಕ್ಕ ಪಾಲು, 17 ನಿಮಿಷದ ‘ಡಾಗ್ಸ್’ಗಿಂತ ಹೆಚ್ಚು. ಇದು ಬ್ಯಾಂಡ್ ಒಳಗೆ ಬೇಸರಕ್ಕೆ ಕಾರಣವಾಗಿತ್ತು.

ರೈಟ್ ಸ್ಥಿತಿ ಇನ್ನೂ ಕಷ್ಟದ್ದು. ‘ಶೀಪ್’ ಆರಂಭದ ಆ ಮೃದುವಾದ ಎಲೆಕ್ಟ್ರಿಕ್ ಪಿಯಾನೋ ನುಡಿಸಾಣಿಕೆ ಅವರದ್ದು. ಆದರೆ ರಚನೆಯ ಶ್ರೇಯದಲ್ಲಿ ಅವರ ಹೆಸರಿಲ್ಲ. ಪಿಂಕ್ ಫ್ಲಾಯ್ಡ್ ಆಲ್ಬಂ ಒಂದರಲ್ಲಿ ರೈಟ್‌ಗೆ ಒಂದೇ ಒಂದು ರಚನೆಯ ಶ್ರೇಯವೂ ಸಿಗದಿದ್ದು ಅದೇ ಮೊದಲು.

ಹಾಡು ಅಂದ್ರೆ ಸಾಹಿತ್ಯ ಮತ್ತು ರಾಗವಾ? ಅಥವಾ ಸ್ಟುಡಿಯೋದಲ್ಲಿ ಕೂತು ನುಡಿಸುತ್ತ ಅದಕ್ಕೆ ಆಕಾರ ಕೊಟ್ಟ ಎಲ್ಲರ ದುಡಿಮೆಯಾ? ವಾಟರ್ಸ್‌ಗೆ ಪರಿಕಲ್ಪನೆ ತನ್ನದು ಅಂತ ದಾಖಲಾಗಬೇಕು. ಜೊತೆಗೆ ನುಡಿಸಿದವರಿಗೆ ಬರೀ ಅಷ್ಟೇ ದಾಖಲಾದರೆ ಅನ್ಯಾಯ. ಅಧಿಕಾರದ ಏಣಿಯ ಬಗ್ಗೆ ಹಾಡು ಕಟ್ಟಿದವರ ನಡುವೆಯೇ ಒಂದು ಏಣಿ ಇತ್ತು. ನಾಲ್ಕು ವರ್ಷ ಜಗಳ ನಡೆದಿದ್ದು ಆ ಏಣಿಯ ಲಿಖಿತ ದಾಖಲೆ ಬಗ್ಗೆ.

ಕವರ್ ಮೇಲಿನ ಸ್ಥಾವರ ಏನಾಯ್ತು?

2022ರ ಆವೃತ್ತಿಗೆ ಹೊಸ ಫೋಟೋ ತೆಗೆಸಿದರು. ಅದೇ ಬ್ಯಾಟರ್ಸಿ, ಆದರೆ ಸುತ್ತಲೂ ಕಟ್ಟಡ ಕಾಮಗಾರಿ, ಆಕಾಶದಲ್ಲಿ ಕ್ರೇನ್‌ಗಳು.

ದಶಕಗಳ ಕಾಲ ಪಾಳು ಬಿದ್ದಿದ್ದ ಸ್ಥಾವರವನ್ನು 2012ರಲ್ಲಿ ಮಲೇಷ್ಯಾದ ಹೂಡಿಕೆದಾರರ ಒಕ್ಕೂಟ 40 ಕೋಟಿ ಪೌಂಡ್‌ಗೆ ಕೊಂಡಿತು. ಆ ಒಕ್ಕೂಟದಲ್ಲಿ ಮಲೇಷ್ಯಾದ ನೌಕರರ ಭವಿಷ್ಯ ನಿಧಿಯೂ ಇದೆ. ನಮ್ಮ ಪಿಎಫ್ ಇದ್ದ ಹಾಗೆ, ಅಲ್ಲಿನ ದುಡಿಯುವವರ ಉಳಿತಾಯದ ಹಣ. 2017ರಲ್ಲಿ, ಖರ್ಚು ಹೆಚ್ಚಾಯಿತು ಎಂಬ ಕಾರಣಕ್ಕೆ, ಯೋಜನೆಯಲ್ಲಿ ಭರವಸೆ ಕೊಟ್ಟಿದ್ದ 636 ಕೈಗೆಟುಕುವ ಮನೆಗಳನ್ನು 386ಕ್ಕೆ ಇಳಿಸಲು ಸ್ಥಳೀಯ ಆಡಳಿತ ಒಪ್ಪಿತು. ಉಳಿದದ್ದು ಐಷಾರಾಮಿ ಫ್ಲ್ಯಾಟ್, ಅಂಗಡಿ ಮಳಿಗೆ, ಆಪಲ್ ಕಂಪನಿಯ ಕಚೇರಿ. 2022ರ ಅಕ್ಟೋಬರ್ 14ರಂದು ಸ್ಥಾವರದ ಬಾಗಿಲು ಜನರಿಗೆ ತೆರೆಯಿತು. ‘ಅನಿಮಲ್ಸ್’ ಮರುಬಿಡುಗಡೆಯಾಗಿ ಆಗಷ್ಟೇ ಒಂದು ತಿಂಗಳಾಗಿತ್ತು.

ಕಲ್ಲಿದ್ದಲ ಹೊಗೆ ಉಗುಳುತ್ತಿದ್ದ ಕಟ್ಟಡ ಹಾಗೇ ಇರಬೇಕಿತ್ತು ಅಂತ ಯಾರೂ ಹೇಳಲ್ಲ. ಆದರೆ ಹಳೆಯದಕ್ಕೆ ಹೊಳಪು ಕೊಟ್ಟಾಗ ಅದರಲ್ಲಿ ಜಾಗ ಯಾರಿಗೆ ಸಿಗುತ್ತೆ? ಈ ಪ್ರಶ್ನೆ ಕಟ್ಟಡಕ್ಕೂ ಅನ್ವಯಿಸುತ್ತೆ, ಆಲ್ಬಂಗೂ ಅನ್ವಯಿಸುತ್ತೆ.

ಈಗ ಈ ಹಾಡುಗಳ ಮಾಲೀಕರು ಯಾರು?

2024ರ ಅಕ್ಟೋಬರ್‌ನಲ್ಲಿ ಸೋನಿ ಮ್ಯೂಸಿಕ್ ಪಿಂಕ್ ಫ್ಲಾಯ್ಡ್‌ನ ಧ್ವನಿಮುದ್ರಿಕೆಗಳ ಹಕ್ಕನ್ನೂ, ಬ್ಯಾಂಡ್‌ನ ಹೆಸರು ಮತ್ತು ಚಿತ್ರಗಳನ್ನು ಬಳಸುವ ಹಕ್ಕನ್ನೂ ಕೊಂಡಿತು. ವರದಿಗಳ ಪ್ರಕಾರ ಬೆಲೆ ಸುಮಾರು 40 ಕೋಟಿ ಡಾಲರ್, ಆಗಿನ ಲೆಕ್ಕದಲ್ಲಿ 3,300 ಕೋಟಿ ರೂಪಾಯಿ. ಸಾಹಿತ್ಯ ಮತ್ತು ಸಂಗೀತ ರಚನೆಯ ಹಕ್ಕು ಈ ಮಾರಾಟದಲ್ಲಿ ಸೇರಿಲ್ಲ. ಮಾತುಕತೆ ವರ್ಷಗಟ್ಟಲೆ ಎಳೆದಿತ್ತು. ಸದಸ್ಯರ ನಡುವಿನ ಜಗಳ, ಜೊತೆಗೆ ಉಕ್ರೇನ್ ಮತ್ತು ಇಸ್ರೇಲ್ ಬಗ್ಗೆ ವಾಟರ್ಸ್ ಆಡಿದ ಮಾತುಗಳು ಎಬ್ಬಿಸಿದ ವಿವಾದ ಅದಕ್ಕೆ ಕಾರಣ ಅಂತ ಆಗ ಪತ್ರಿಕೆಗಳು ಬರೆದಿದ್ದವು.

ಹಳೇ ಆಲ್ಬಂಗಳಿಗೆ ಇಷ್ಟು ಬೆಲೆ ಯಾಕೆ? ಸ್ಟ್ರೀಮಿಂಗ್ ಬಂದ ಮೇಲೆ ಹಳೇ ಹಾಡು ಬಾಡಿಗೆ ಮನೆ ಇದ್ದ ಹಾಗೆ. ಪ್ರತಿ ತಿಂಗಳೂ ಆದಾಯ ಬರುತ್ತೆ. ಬ್ರಿಟನ್‌ನಲ್ಲಿ ಧ್ವನಿಮುದ್ರಿಕೆಯ ಕಾಪಿರೈಟ್ ಮೊದಲು 50 ವರ್ಷ ಇತ್ತು, 2013ರಲ್ಲಿ ಅದನ್ನು 70 ವರ್ಷಕ್ಕೆ ಏರಿಸಿದರು. ಆ ಲೆಕ್ಕದಲ್ಲಿ 1977ರ ‘ಅನಿಮಲ್ಸ್’ ಅಲ್ಲಿ 2047ರ ಕೊನೆವರೆಗೂ ಖಾಸಗಿ ಆಸ್ತಿ. ರಿಮಾಸ್ಟರ್ ಮಾಡಿದರೆ ಹೊಸ ಕಾಪಿರೈಟ್ ಹುಟ್ಟುತ್ತಾ ಎಂಬ ಪ್ರಶ್ನೆ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದರ ಮುಂದೆ ಬಂದಾಗ, 2018ರಲ್ಲಿ ಅದು ಸ್ಪಷ್ಟವಾಗಿ ಹೇಳಿತು: ಸದ್ದನ್ನು ತಾಂತ್ರಿಕವಾಗಿ ಸುಧಾರಿಸಿದ ಮಾತ್ರಕ್ಕೆ ಸಾಮಾನ್ಯವಾಗಿ ಹೊಸ ಹಕ್ಕು ಹುಟ್ಟುವುದಿಲ್ಲ.

ಇದೆಲ್ಲ ನಮಗೇನು?

ನೇರ ನಂಟುಗಳು ಒಂದೆರಡಿವೆ. 2002ರಲ್ಲಿ ವಾಟರ್ಸ್ ಬೆಂಗಳೂರಿಗೆ ಬಂದು ಹಾಡಿದ್ದರು. 2020ರ ಫೆಬ್ರವರಿಯಲ್ಲಿ, ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧ ಇಲ್ಲಿ ಹೋರಾಟ ನಡೆಯುತ್ತಿದ್ದಾಗ, ಲಂಡನ್‌ನಲ್ಲಿ ಜೂಲಿಯನ್ ಅಸಾಂಜ್ ಪರವಾದ ಸಭೆಯೊಂದರಲ್ಲಿ ಅವರು ಯುವಕವಿ ಆಮಿರ್ ಅಜೀಜ್ ಬರೆದ ‘ಸಬ್ ಯಾದ್ ರಖಾ ಜಾಯೇಗಾ’ ಕವಿತೆಯ ಇಂಗ್ಲಿಷ್ ಅನುವಾದ ಓದಿದರು. ಆ ವಿಡಿಯೋ ಆಗ ಎಲ್ಲರ ಫೋನಿಗೂ ಬಂದಿತ್ತು.

ಆದರೆ ಇದಕ್ಕಿಂತ ಮುಖ್ಯವಾದದ್ದು ಹಕ್ಕಿನ ಪ್ರಶ್ನೆ. ಭಾರತದ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ಅಂದ್ರೆ 1960ರಲ್ಲಿ ಬಂದ ಗ್ರಾಮಫೋನ್ ತಟ್ಟೆ 2021ರ ಆರಂಭದಿಂದ ಎಲ್ಲರದ್ದು. ಆದರೆ ಅದರಲ್ಲಿನ ಸಾಹಿತ್ಯ ಮತ್ತು ಸಂಗೀತ ರಚನೆಯ ಹಕ್ಕು ರಚನೆಕಾರ ತೀರಿಕೊಂಡ ಮೇಲೆ 60 ವರ್ಷ ಇರುತ್ತೆ. ನಮ್ಮಲ್ಲಿ ಸಿನಿಮಾ ಹಾಡು ಬರೆದವರು, ರಾಗ ಹಾಕಿದವರು ಒಮ್ಮೆ ಹಣ ತಗೊಂಡು ಎಲ್ಲ ಹಕ್ಕನ್ನೂ ನಿರ್ಮಾಪಕರಿಗೆ ಬರೆದುಕೊಡುವುದೇ ರೂಢಿ ಆಗಿತ್ತು. 2012ರ ತಿದ್ದುಪಡಿ ಅದನ್ನು ಬದಲಿಸಿತು. ಚಿತ್ರಮಂದಿರದ ಹೊರಗಿನ ಬಳಕೆಗೆ ಬರುವ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಗೀತರಚನೆಕಾರ ಮತ್ತು ಸಂಗೀತ ಸಂಯೋಜಕರು ನಿರ್ಮಾಪಕರಿಗೆ ಬಿಟ್ಟುಕೊಡುವ ಹಾಗೇ ಇಲ್ಲ ಅಂತ ಕಾನೂನು ಬಂತು. ರಾಜ್ಯಸಭೆಯಲ್ಲಿ ಅದರ ಪರ ಗಟ್ಟಿಯಾಗಿ ಮಾತಾಡಿದವರು ಗೀತರಚನೆಕಾರ ಜಾವೇದ್ ಅಖ್ತರ್. ಆದರೆ ಸ್ಟುಡಿಯೋದಲ್ಲಿ ಪಿಟೀಲು, ಕೊಳಲು, ತಬಲಾ ನುಡಿಸಿದವರಿಗೆ ಈ ಸಮಪಾಲು ಅನ್ವಯಿಸೋದಿಲ್ಲ. ನಮ್ಮ ಎಷ್ಟೋ ಹಳೇ ತಟ್ಟೆಗಳ ಮೇಲೆ ಅವರ ಹೆಸರೂ ಇಲ್ಲ. ನಮ್ಮಲ್ಲೂ ಬಹಳ ಜನ ರಿಚರ್ಡ್ ರೈಟ್‌ಗಳಿದ್ದಾರೆ.

ಇನ್ನೊಂದು, ಕಾಪಾಡಿಕೊಳ್ಳುವ ಪ್ರಶ್ನೆ. 40 ವರ್ಷದ ಮೇಲೆ ‘ಅನಿಮಲ್ಸ್’ ರಿಮಿಕ್ಸ್ ಮಾಡಲು ಆಗಿದ್ದು ಮಲ್ಟಿಟ್ರ್ಯಾಕ್ ಟೇಪ್ ಉಳಿದಿದ್ದರಿಂದ. ಶ್ರೀಮಂತ ಕಂಪನಿಗಳಲ್ಲೂ ಇದು ಖಾತ್ರಿ ಇಲ್ಲ. 2008ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಆವರಣದಲ್ಲಿ ಬೆಂಕಿ ಬಿದ್ದು ಅಪಾರ ಪ್ರಮಾಣದ ಮೂಲ ಟೇಪ್‌ಗಳು ನಾಶವಾದವು ಅಂತ ಜಗತ್ತಿಗೆ ತಿಳಿದಿದ್ದು 2019ರಲ್ಲಿ. ‘ಅನಿಮಲ್ಸ್’ ಬಂದ 1977ರಲ್ಲೇ ತಯಾರಾದ ನಮ್ಮ ‘ಘಟಶ್ರಾದ್ಧ’ವನ್ನು ನೋಡಿ. ಗಿರೀಶ್ ಕಾಸರವಳ್ಳಿ ಅವರ ಈ ಸಿನಿಮಾವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೇಸಿ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಪುನರುಜ್ಜೀವಗೊಳಿಸಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಸ್ವರ್ಣಕಮಲ ಗೆದ್ದ ಸಿನಿಮಾಕ್ಕೇ ಇದು ಆಗಬೇಕಾದ್ರೆ 47 ವರ್ಷ ಹಿಡಿಯಿತು. ಹಾಗಾದ್ರೆ ಹಳೇ ನಾಟಕದ ತಟ್ಟೆಗಳು, ಭಾವಗೀತೆಯ ಕ್ಯಾಸೆಟ್‌ಗಳು, ರೇಡಿಯೋ ಟೇಪ್‌ಗಳ ಗತಿ ಏನು? ಲಾಭ ಬರುವುದನ್ನು ಮಾರುಕಟ್ಟೆ ಕಾಪಾಡುತ್ತೆ. ಉಳಿದದ್ದನ್ನು ಸಮಾಜವೇ ಕಾಪಾಡಿಕೊಳ್ಳಬೇಕು.

ಹೇಗೆ ಕೇಳಬೇಕು?

ಮೊದಲ ಸಲ ಕೇಳುವವರಿಗೆ 2018ರ ರಿಮಿಕ್ಸ್ ಒಳ್ಳೆಯ ಬಾಗಿಲು. ಆಮೇಲೆ ಹಳೇ ಮಿಕ್ಸ್ ಹುಡುಕಿ ಕೇಳಿ, ವ್ಯತ್ಯಾಸ ನಿಮ್ಮ ಕಿವಿಗೇ ಗೊತ್ತಾಗುತ್ತೆ. ಯಾವುದು ಸರಿ ಅನ್ನೋದಕ್ಕಿಂತ ಎರಡೂ ಸಿಗುತ್ತಿರಬೇಕು ಅನ್ನೋದು ಮುಖ್ಯ. ಹೊಸ ಆವೃತ್ತಿ ಬಂತು ಅಂತ ಹಳೆಯದನ್ನು ಅಳಿಸಿದರೆ ಅದು ಜೀರ್ಣೋದ್ಧಾರ ಅಲ್ಲ, ತಿದ್ದುಪಡಿ.

ಮುಂದೆ ಯಾವುದೇ ಹಳೇ ಆಲ್ಬಂ ಹೊಸ ಹೊಳಪಿನಲ್ಲಿ ಬಂದಾಗ, ಅದು ಪಿಂಕ್ ಫ್ಲಾಯ್ಡ್ ಆಗಲಿ, ನಮ್ಮ ಹಳೇ ಸಿನಿಮಾ ಹಾಡುಗಳೇ ಆಗಲಿ, ಸದ್ದು ಹೇಗಿದೆ ಅನ್ನೋದರ ಜೊತೆ ಇನ್ನೆರಡು ಪ್ರಶ್ನೆ ಕೇಳೋಣ. ನುಡಿಸಿದವರ ಹೆಸರು ಇದೆಯಾ? ದುಡ್ಡು ಯಾರಿಗೆ ಹೋಗುತ್ತೆ? ‘ಅನಿಮಲ್ಸ್’ ಕೇಳಿ ಮುಗಿಸಿದ ಮೇಲೂ ಈ ಪ್ರಶ್ನೆ ಕೇಳದಿದ್ದರೆ, ಆ ಮೂರನೇ ಹಾಡು ನಮ್ಮ ಬಗ್ಗೆಯೇ ಬರೆದದ್ದು ಅಂತ ಒಪ್ಪಿಕೊಳ್ಳಬೇಕಾಗುತ್ತೆ.